ಅಪ್‌ಡೇಟ್: ಮಸುಕಾದ ಹಕ್ಕಿಯ ಚಿತ್ರದ ಬಗ್ಗೆ ಕೊನೆಗೂ ಮಾತನಾಡಿದೆ

ಜೊತೆಯ ಹವ್ಯಾಸಿ ಛಾಯಾಗ್ರಾಹಕರೊಬ್ಬರು ತೆಗೆದ ಹಾರುವ ಹಕ್ಕಿಯ ಚಿತ್ರ ಮಸುಕಾಗಿದೆಯೆಂದು ಮನ ನೋಯದಂತೆ ಹೇಗೆ ಹೇಳಲಿ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಹೊಗಳಿಕೆಯ ನಡುವೆ ಟೀಕೆಯನ್ನು ಸೇರಿಸುವ ಸಲಹೆ ಫಲಿಸಲಿಲ್ಲ, ಏಕೆಂದರೆ ಅವರ ಕಿವಿಗೆ ಬಿದ್ದದ್ದು ಹೊಗಳಿಕೆ ಮಾತ್ರ. ಮೊದಲು ಅವರ ಉದ್ದೇಶವನ್ನು ಕೇಳಿ ಎಂಬ ಸಲಹೆಯೇ ಕೈಹಿಡಿಯಿತು. ರೆಕ್ಕೆಯ ಬಡಿತ ಕಾಣಲೆಂದೇ ಶಟರ್ ವೇಗವನ್ನು 1/60 ಸೆಕೆಂಡಿಗೆ ಇಳಿಸಿದ್ದಾಗಿ (ಅಂದರೆ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕಿಗೆ ತೆರೆದಿರುವಂತೆ ಮಾಡಿದ್ದಾಗಿ) ಅವರು ಹೇಳಿದಾಗ, ನಾನು ದೋಷವೆಂದುಕೊಂಡದ್ದು ಅವರ ಆಯ್ಕೆಯಾಗಿತ್ತೆಂದು ತಿಳಿದು ನಿಜಕ್ಕೂ ಬೆರಗಾದೆ. ಆಮೇಲೆ ಚಿತ್ರವನ್ನು ಹಿಗ್ಗಿಸಿ, ರೆಕ್ಕೆಯ ಮಸುಕು ಸೊಗಸಾಗಿದೆ, ಆದರೆ ಕಣ್ಣೂ ಮಸುಕಾಗಿರುವುದರಿಂದ ನೋಟಕ್ಕೆ ನೆಲೆಯಿಲ್ಲ ಎಂದೆ. ಹಕ್ಕಿಯ ಹಾರಾಟದೊಂದಿಗೇ ಕ್ಯಾಮೆರಾವನ್ನು ತಿರುಗಿಸುತ್ತ ಹಲವು ಬಾರಿ ಪ್ರಯತ್ನಿಸಿ ಅವರು ನಿನ್ನೆ ತೋರಿಸಿದ ಚಿತ್ರದಲ್ಲಿ ಕಣ್ಣು ಸ್ಪಷ್ಟವಾಗಿ ಮೂಡಿದೆ. ನನ್ನ ಚಿತ್ರದ ಮೂಲೆಯ ಬಿಳಿ ಹೊಳಪು ಗಮನ ಸೆಳೆಯುತ್ತದೆಂದು ಅವರು ಹೇಳಿದ್ದೂ ಸರಿಯೇ. ಅದನ್ನು ಕ್ರಾಪ್ ಮಾಡಿದ್ದೇನೆ.