ಫ್ಯೂಷನ್ ರಿಯಾಕ್ಟರ್ ಹೊತ್ತು ವಿಮಾನ ಹಾರಬಹುದಾ?

ಪ್ರಶ್ನೆ: ಸರ್, ನಾನು ಏರೋನಾಟಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಲಾರಿಯಲ್ಲಿ ಒಯ್ಯುವಷ್ಟು ಚಿಕ್ಕದಾದ, 100 ಮೆಗಾವಾಟ್‌ನ ಫ್ಯೂಷನ್ ರಿಯಾಕ್ಟರ್ ಮಾಡುತ್ತೇವೆ ಅಂತ ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್ ಮಾರ್ಟಿನ್ 2014ರಲ್ಲಿ ಹೇಳಿತ್ತಂತೆ. ಅಂಥದ್ದನ್ನು ವಿಮಾನದಲ್ಲಿ ಕೂರಿಸಿದರೆ ಇಂಧನ ತುಂಬಿಸುವ ಗೋಜೇ ಇರಲ್ಲ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ. ಫ್ಯೂಷನ್ ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವುದು. ಮೊದಲು ಲೆಕ್ಕ ಹಾಕೋಣ. ಎ320 ವಿಮಾನ ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಸುಡುತ್ತದೆ. ಕೆ.ಜಿ.ಗೆ 43 ಮೆಗಾಜೂಲ್ ಅಂದುಕೊಂಡರೆ 30 ಮೆಗಾವಾಟ್ ಶಾಖ ಆಯಿತು. ಹಾಗಾಗಿ 100 ಮೆಗಾವಾಟ್ ಧಾರಾಳ. ಇಂಧನದ ಚಿಂತೆಯೂ ಇಲ್ಲ. ಇಂಗ್ಲೆಂಡಿನ ಜೆಟ್ (JET) ಎಂಬ ಫ್ಯೂಷನ್ ಪ್ರಯೋಗ ಯಂತ್ರ 2023ರಲ್ಲಿ ಬರೀ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ತೆಗೆಯಿತು. ಪುಡಿಯುಪ್ಪಿನ ಎರಡು ಮೂರು ಹರಳು ಅಂದುಕೊಳ್ಳಿ. ಅಷ್ಟೇ ಶಾಖಕ್ಕೆ ಎರಡು ಲೀಟರ್ ಸೀಮೆಎಣ್ಣೆ ಬೇಕು.

ಕಷ್ಟ ಇರುವುದು ತೂಕದಲ್ಲಿ. ಇಂಥ ಯಂತ್ರದ ಇಂಧನ ಡ್ಯೂಟೀರಿಯಂ, ಟ್ರಿಟಿಯಂ ಎಂಬ ಎರಡು ಬಗೆಯ ಹೈಡ್ರೋಜನ್. ಅವನ್ನು ಬೆಸೆದಾಗ ಬರುವ ಶಕ್ತಿಯಲ್ಲಿ ಶೇ. 80 ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ಅದಕ್ಕೆ ವಿದ್ಯುದಂಶ ಇಲ್ಲ, ಹಾಗಾಗಿ ಬಿಸಿ ಇಂಧನವನ್ನು ಹಿಡಿದಿಡುವ ಅಯಸ್ಕಾಂತಕ್ಕೆ ಸಿಗುವುದಿಲ್ಲ. ತಡೆಯಬೇಕೆಂದರೆ ದಪ್ಪನೆಯ ಗೋಡೆಯೇ ಬೇಕು. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಫ್ಯೂಷನ್ ಯಂತ್ರ 23,000 ಟನ್, ಸುಮಾರು 300 ಎ320 ವಿಮಾನಗಳ ತೂಕ. ಅದರ ಹೊರಗವಚವೇ 3,850 ಟನ್. ಅದನ್ನು ನಮ್ಮ ಗುಜರಾತಿನ ಹಜೀರಾದಲ್ಲಿ ಬಿಡಿಬಿಡಿಯಾಗಿ ಮಾಡಿ ಕಳಿಸಿದರು. ಲಾಕ್‌ಹೀಡ್‌ನವರ ವಿನ್ಯಾಸವೂ ಮುಂದೆ ಸುಮಾರು 2,000 ಟನ್‌ಗೆ ಹೋಯಿತು. ಕೊನೆಗೆ ಕೆಲಸ ನಿಲ್ಲಿಸಿದರು.

ಪ್ರಶ್ನೆ: ಅಮೆರಿಕದವರು ಹಿಂದೆಯೇ ಅಣು ವಿಮಾನ ಹಾರಿಸಿದ್ದರಲ್ಲ ಸರ್?

ಉತ್ತರ: ಎನ್‌ಬಿ-36ಎಚ್ ಬಗ್ಗೆ ಕೇಳುತ್ತಿದ್ದೀರಿ. ಅದರಲ್ಲಿದ್ದದ್ದು ಯುರೇನಿಯಂ ಒಡೆಯುವ ರಿಯಾಕ್ಟರ್, ಫ್ಯೂಷನ್ ಅಲ್ಲ. 1955ರಿಂದ 57ರವರೆಗೆ 47 ಸಲ ಹಾರಿತು. ಆದರೆ ವಿಮಾನ ಓಡಿದ್ದು ಮಾಮೂಲಿ ಎಂಜಿನ್ನಿನಿಂದಲೇ. ಒಳಗಿದ್ದ 1 ಮೆಗಾವಾಟ್ ರಿಯಾಕ್ಟರ್ ವಿಕಿರಣ ತಡೆಯುವ ಪರೀಕ್ಷೆಗೆ ಮಾತ್ರ. ಪೈಲಟ್‌ಗಳು ಕೂರುವ ಕೋಣೆಗೆ ಸೀಸ ಮತ್ತು ರಬ್ಬರಿನ ಹೊದಿಕೆ, ಅದರ ತೂಕವೇ 11 ಟನ್. ಕಿಟಕಿ ಗಾಜು ಒಂದು ಗೇಣಿಗಿಂತ ದಪ್ಪ. ಬಿದ್ದರೆ ಆ ಜಾಗಕ್ಕೆ ಯಾರೂ ಬಾರದಂತೆ ಕಾಯಲು, ಸೈನಿಕರನ್ನು ಹೊತ್ತ ಇನ್ನೊಂದು ವಿಮಾನ ಜೊತೆಗೇ ಹಾರುತ್ತಿತ್ತು. 1961ರಲ್ಲಿ ಅಧ್ಯಕ್ಷ ಕೆನಡಿ ಆ ಇಡೀ ಯೋಜನೆ ನಿಲ್ಲಿಸಿದರು. ನನ್ನ ಪ್ರಕಾರ ಅದು ಸರಿಯಾದ ತೀರ್ಮಾನ.

ಪ್ರಶ್ನೆ: ನ್ಯೂಟ್ರಾನೇ ಬಾರದಂಥ ಇಂಧನ ಇಲ್ವಾ?

ಉತ್ತರ: ಇದೆ. ಮಾಮೂಲಿ ಹೈಡ್ರೋಜನ್ ಮತ್ತು ಬೋರಾನ್ ಬೆಸೆದರೆ ನ್ಯೂಟ್ರಾನ್ ಬಹಳ ಕಡಿಮೆ. ಆದರೆ ಐಟರ್‌ಗೆ ಬೇಕಾದ ಬಿಸಿ 15 ಕೋಟಿ ಡಿಗ್ರಿ. ಬೋರಾನ್‌ಗೆ 100 ಕೋಟಿಗೂ ಜಾಸ್ತಿ ಬೇಕು.

ನನಗೆ ಕಾಣುವ ದಾರಿ ಬೇರೆ. ರಿಯಾಕ್ಟರ್ ನೆಲದ ಮೇಲೇ ಇರಲಿ. ಅದರ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡೋಣ, ಅದು ವಿಮಾನಕ್ಕೆ ಹೋಗಲಿ. ದ್ರವ ಹೈಡ್ರೋಜನ್ ಮೈನಸ್ 253 ಡಿಗ್ರಿಯಲ್ಲಿರಬೇಕು. ಅಷ್ಟೇ ಶಕ್ತಿಗೆ ಸೀಮೆಎಣ್ಣೆಗಿಂತ ನಾಲ್ಕು ಪಟ್ಟು ಜಾಗ ಬೇಕು. ಆ ಟ್ಯಾಂಕ್ ರೆಕ್ಕೆಯಲ್ಲಿ ಹಿಡಿಯುವುದಿಲ್ಲ, ಎಲ್ಲಿ ಕೂರಿಸಬೇಕು ಅನ್ನುವುದು ನಿಮ್ಮ ಏರೋನಾಟಿಕಲ್‌ನವರ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಅದನ್ನೇ ತಗೊಳ್ಳಿ.