ಅಪ್‌ಡೇಟ್: ಸ್ವಾಮಿಯ ಮನೆ ನೋಡಿ ಬಂದೆ

ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ನೋಡಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿ ಇದ್ದ ಮನೆ ಎಲ್ಲಿದೆ ಅಂತ ಕೇಳಿದ್ದೆ, ಅಲ್ವಾ? ನೀವೆಲ್ಲ ಹೇಳಿದ ಹಾಗೆ ಅದು ಆಗುಂಬೆಯ ದೊಡ್ಡಮನೆ. ಹೋದ ವಾರ ಅಮ್ಮನ ಜೊತೆ ಹೋಗಿ ಬಂದೆ.

ಒಳಗೆ ತೆರೆದ ಅಂಗಳ, ಸುತ್ತ ಮರದ ಕಂಬಗಳು. ಒಂದು ಕಂಬಕ್ಕೆ ಕೈಯಿಟ್ಟೆ. ಎಷ್ಟೋ ಕೈ ತಾಗಿ ನುಣುಪಾದ ಮರ, ಮಳೆಯ ಥಂಡಿಗೆ ತಣ್ಣಗಿತ್ತು. ಪಕ್ಕದಲ್ಲಿ ಅಮ್ಮ ಎಲ್. ವೈದ್ಯನಾಥನ್ ಅವರ ಟೈಟಲ್ ಸಂಗೀತವನ್ನು ಮೆಲ್ಲಗೆ ಗುನುಗಿದರು. ಕಣ್ಣು ತುಂಬಿ ಬಂತು.

ಅರಸಾಳಿಗೂ ಹೋದೆವು. ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಅದೇ. ಹಳೇ ಕಟ್ಟಡ ಈಗ ಮ್ಯೂಸಿಯಂ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಶಂಕರ್ ನಾಗ್ ನಮ್ಮ ಮಲೆನಾಡನ್ನೇ ಆರಿಸಿದರಲ್ಲ, ಅದಕ್ಕೆ ಅವರ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು. ದಾರಿ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.