ಕೋಲಾರದ ಹಳೇ ಊರಲ್ಲಿ ರಾತ್ರಿ ದೆವ್ವದ ನಡಿಗೆ ಮಾಡಿದರೆ ಹೇಗೆ?

ಕೋಟೆಬೀದಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಊರು ಕೋಲಾರ, ಕೆಲಸ ಬೆಂಗಳೂರು. ನಾವು ನಾಲ್ಕೈದು ಜನ ಗೆಳೆಯರು ಸೇರಿ ಶನಿವಾರ ರಾತ್ರಿ ಹಳೇ ಊರಲ್ಲಿ ದೆವ್ವದ ನಡಿಗೆ ಶುರು ಮಾಡೋಣ ಅಂತ ಅಂದುಕೊಂಡಿದ್ದೇವೆ. ಹತ್ತು ಹದಿನೈದು ಜನರ ಗುಂಪು, ಒಬ್ಬ ಗೈಡ್, ಕೈಯಲ್ಲಿ ಲಾಟೀನು. ಕ್ಲಾಕ್ ಟವರ್ ಹತ್ತಿರ ಸೇರುವುದು, ಮಕ್ಬರಾ (ಹೈದರಾಲಿ ಮನೆತನದ ಸಮಾಧಿ) ನೋಡುವುದು, ಆಮೇಲೆ ಕೋಟೆ ಬೀದಿಗಳು, ಸೋಮೇಶ್ವರ ದೇವಸ್ಥಾನ, ಕೋಲಾರಮ್ಮನ ಗುಡಿ, ಆಗುವುದಾದರೆ ಕೊನೆಗೆ ಅಂತರಗಂಗೆ ಬೆಟ್ಟದ ಬುಡ. ಬೆಂಗಳೂರಿನವರು ನಂದಿ ಬೆಟ್ಟಕ್ಕೆ ಹೋಗಿ ಹೋಗಿ ಸಾಕಾಗಿದ್ದಾರೆ, ಇದಕ್ಕೆ ಬಂದೇ ಬರುತ್ತಾರೆ ಅಂತ ನಮ್ಮ ನಂಬಿಕೆ.

ತೊಂದರೆ ಏನಂದರೆ ಕಥೆಗಳೇ ಇಲ್ಲ. ಯಾರನ್ನ ಕೇಳಿದರೂ ಅದೇ ಹುಣಸೆಮರ, ಅದೇ ಬಿಳಿ ಸೀರೆ, ಅದೇ ಹಿಂದುಮುಂದಾದ ಪಾದ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದ ಕಥೆ ನಮ್ಮ ಅಮ್ಮನೂ ಹೇಳುತ್ತಾರೆ, ಆದರೆ ಅದನ್ನ ಬೆಂಗಳೂರಿನವರೂ ಹೇಳುತ್ತಾರಲ್ವಾ, ಅದರಲ್ಲಿ ಕೋಲಾರದ್ದು ಅಂತ ಏನಿದೆ? ಒಬ್ಬ ಗೆಳೆಯ, "ಸುಮ್ನೆ ನಾವೇ ಕಟ್ಟೋಣ, ಮಕ್ಬರಾ ಹತ್ತಿರ ತಲೆ ಇಲ್ಲದ ಸಿಪಾಯಿ ಓಡಾಡುತ್ತಾನೆ ಅಂದರೆ ಯಾರು ಚೆಕ್ ಮಾಡುತ್ತಾರೆ" ಅನ್ನುತ್ತಿದ್ದಾನೆ. ನನಗೆ ಅದು ಅಷ್ಟು ಸರಿ ಕಾಣುತ್ತಿಲ್ಲ, ಆದರೆ ಬೇರೆ ದಾರಿಯೂ ಹೊಳೆಯುತ್ತಿಲ್ಲ.

ಗೊತ್ತಿರುವವರು ಹೇಳಿ: ಹಳೇ ಊರಿಗೇ ಸೇರಿದ ಕಥೆ ಏನಾದರೂ ಇದೆಯಾ? ಪರ್ಮಿಶನ್ ಯಾರ ಹತ್ತಿರ ಕೇಳಬೇಕು? ಮುಂದೆ ಕೆಜಿಎಫ್ (ಕೋಲಾರ ಚಿನ್ನದ ಗಣಿ ಊರು) ಅನ್ನೂ ಸೇರಿಸುವ ಯೋಚನೆ ಇದೆ, ಅಲ್ಲಿನವರು ಯಾರಾದರೂ ಇದ್ದರೆ ತಿಳಿಸಿ.

ನಿವೃತ್ತ_ಮೇಷ್ಟ್ರು:

ತಲೆ ಇಲ್ಲದ ಸಿಪಾಯಿ ಯಾಕಪ್ಪಾ? ಆ ಮಕ್ಬರಾದಲ್ಲಿ ನಡೆದಿದ್ದನ್ನ ನಡೆದ ಹಾಗೇ ಹೇಳಿದರೆ ಸಾಕು, ನಿಮ್ಮ ಗುಂಪಲ್ಲಿ ಯಾರೂ ಫೋನ್ ನೋಡುವುದಿಲ್ಲ.

ಅಲ್ಲಿರುವುದು ಹೈದರಾಲಿಯ ತಂದೆ ಫತೇ ಮಹಮದ್ ಮತ್ತು ಅವರ ಮನೆಯವರ ಸಮಾಧಿಗಳು. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ, ಅದು ಎಲ್ಲರಿಗೂ ಗೊತ್ತು. ಸತ್ತ ಮೇಲೆ ಆತ ಮೊದಲು ಬಂದಿದ್ದೂ ಕೋಲಾರಕ್ಕೇ, ಇದು ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲ. 1782ರ ಡಿಸೆಂಬರ್ 7, ಇಂಗ್ಲಿಷರ ಜೊತೆ ಯುದ್ಧ ನಡೆಯುತ್ತಿದೆ, ಚಿತ್ತೂರಿನ ಹತ್ತಿರದ ದಂಡಿನಲ್ಲಿ ಹೈದರ್ ಬೆನ್ನುಹುಣ್ಣಿನಿಂದ ಸಾಯುತ್ತಾನೆ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದಾನೆ. ಸುದ್ದಿ ಹೊರಗೆ ಬಿದ್ದರೆ ದಂಡು ಚೆದುರುತ್ತದೆ, ಗದ್ದುಗೆಗೆ ಇನ್ಯಾರೋ ಕೈ ಹಾಕುತ್ತಾರೆ. ಅದಕ್ಕೆ ಹೈದರನ ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾವ್ ಸೇರಿ ಸಾವನ್ನೇ ಮುಚ್ಚಿಟ್ಟರು. ಹೆಣವನ್ನ ಒಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಸುಗಂಧದ ಸಾಮಾನು ತುಂಬಿ, ಖಜಾನೆ ಸಾಗಿಸುವಾಗ ಹೇಗೆ ಕಾವಲು ಹಾಕುತ್ತಾರೋ ಹಾಗೇ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಅತ್ತ ದಂಡಿನಲ್ಲಿ ನವಾಬರು ಬದುಕಿದ್ದಾರೆ ಅನ್ನುವ ಹಾಗೆ ಎಲ್ಲ ಕೆಲಸವೂ ನಡೆಯುತ್ತಲೇ ಇತ್ತು. ಆ ಪೆಟ್ಟಿಗೆ ಬಂದು ಇಳಿದಿದ್ದು ಇದೇ ಮಕ್ಬರಾದಲ್ಲಿ, ತಂದೆಯ ಸಮಾಧಿಯ ಪಕ್ಕದಲ್ಲಿ. ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಿದ್ದು ಆಮೇಲೆ.

ಈಗ ಯೋಚನೆ ಮಾಡಿ. ದಾರಿಯಲ್ಲಿ ನಿಂತು ನೋಡಿದ ಹಳ್ಳಿಯವರೆಲ್ಲ ಚಿನ್ನ ಹೋಗುತ್ತಿದೆ ಅಂದುಕೊಂಡಿರುತ್ತಾರೆ. ಕಾವಲಿಗೆ ಬಂದವರಲ್ಲಿ ಎಷ್ಟು ಜನಕ್ಕೆ ಒಳಗೇನಿದೆ ಅಂತ ಗೊತ್ತಿತ್ತೋ ಏನೋ. ಲಾಟೀನು ಕೆಳಗಿಟ್ಟು ಇಷ್ಟು ಹೇಳಿ, ಸುಮ್ಮನಾಗಿ. ಸಿಪಾಯಿಯ ತಲೆ ತೆಗೆಯುವ ಕೆಲಸ ಬೇಡ. ಇನ್ನೊಂದು ವಿಷಯ, ಅದು ಜನ ಈಗಲೂ ಬಂದು ಕೈಮುಗಿದು ಹೋಗುವ ಜಾಗ. ಮೊದಲು ಅಲ್ಲಿ ನೋಡಿಕೊಳ್ಳುವವರ ಹತ್ತಿರ ಕೂತು ಮಾತಾಡಿ. ಚಪ್ಪಲಿ ಬಿಡಿ, ತಲೆ ಮೇಲೆ ಬಟ್ಟೆ ಹಾಕಿ. ಕಿರುಚುವ ಆಟ ಅಲ್ಲಂತೂ ಬೇಡವೇ ಬೇಡ.

ಸ್ವೆಟರ್_ಮರೆತವನು:

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುವಾಗ ಇಂಥ ನಡಿಗೆಗಳಿಗೆ ಹೋಗಿದ್ದೇನೆ, ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಲೇಬೇಕಾಗಿತ್ತು. ಅಲ್ಲಿ ಇದು ದೊಡ್ಡ ವ್ಯಾಪಾರ. ಕಪ್ಪು ನಿಲುವಂಗಿ ಹಾಕಿದ ಗೈಡ್ ಮುಂದೆ ಹೋಗುತ್ತಾನೆ. ಕೆಲವು ಟೂರ್‌ಗಳಲ್ಲಿ ಕತ್ತಲಿಂದ ದಿಢೀರ್ ಅಂತ ಹಾರಿ ಬಂದು ಹೆದರಿಸುವುದಕ್ಕೇ ಬೇರೆ ಒಬ್ಬನಿಗೆ ಸಂಬಳ. ಸೌತ್ ಬ್ರಿಜ್ ಅಂತ 1788ರಲ್ಲಿ ತೆರೆದ ಒಂದು ಸೇತುವೆ ಇದೆ, 19 ಕಮಾನು, ಆದರೆ ಹೊರಗೆ ಕಾಣುವುದು ಒಂದೇ. ಮಿಕ್ಕವನ್ನೆಲ್ಲ ಅಕ್ಕಪಕ್ಕದ ಕಟ್ಟಡಗಳು ಮುಚ್ಚಿಬಿಟ್ಟಿವೆ. ಕಮಾನುಗಳ ಒಳಗೆ ಕೋಣೆಗಳು. ಮೊದಲು ಚಮ್ಮಾರರ ಅಂಗಡಿ, ಹೆಂಡದಂಗಡಿ ಇದ್ದವು, ನೀರು ಸೋರಲು ಶುರುವಾದ ಮೇಲೆ ಅವರು ಬಿಟ್ಟು ಹೋದರು, ಎಲ್ಲೂ ಜಾಗ ಇಲ್ಲದ ಬಡವರು ಬಂದು ತುಂಬಿಕೊಂಡರು. ಗೈಡ್ ದೆವ್ವದ ಕಥೆ ಹೇಳುತ್ತಲೇ ಇರುತ್ತಾನೆ, ನಮಗೆ ಮಾತ್ರ ಆ ಕಿಟಕಿ ಇಲ್ಲದ ಕೋಣೆಯಲ್ಲಿ ಮಕ್ಕಳನ್ನ ಮಲಗಿಸುತ್ತಿದ್ದರಲ್ಲ ಅನ್ನುವುದೇ ತಲೆಯಲ್ಲಿ ಕೊರೆಯುತ್ತದೆ.

ನಿಮ್ಮ ಗೆಳೆಯನ ಐಡಿಯಾಗೆ ಉತ್ತರವೂ ಅಲ್ಲೇ ಇದೆ. ಮೇರಿ ಕಿಂಗ್ಸ್ ಕ್ಲೋಸ್ ಅಂತ ನೆಲದಡಿ ಸೇರಿಹೋದ ಒಂದು ಓಣಿ. 1645ರ ಪ್ಲೇಗ್‌ನಲ್ಲಿ ರೋಗಿಗಳನ್ನ ಒಳಗೇ ಬಿಟ್ಟು ಗೋಡೆ ಕಟ್ಟಿ ಸಾಯಿಸಿದರು ಅಂತ ಬಹಳ ಕಾಲ ಹೇಳಿಕೊಂಡು ಬಂದರು. ಅದು ಸುಳ್ಳು. ರೋಗ ಬಂದ ಮನೆಯವರನ್ನ ಬೇರೆ ಇಟ್ಟು, ಊಟ ತಲುಪಿಸಿ, ಚಿಕಿತ್ಸೆಗೆ ವೈದ್ಯರನ್ನೂ ಇಟ್ಟಿದ್ದರು. ಈಗ ಅಲ್ಲಿ ನಿಜ ಸಂಗತಿ ಹೇಳುತ್ತಾರೆ, ಜನ ಬರುವುದೇನೂ ಕಡಿಮೆಯಾಗಿಲ್ಲ.

ಆದರೆ ಅಲ್ಲಿಯದನ್ನ ಇಲ್ಲಿಗೆ ಹಾಗೇ ತರಬೇಡಿ. ಕೋಲಾರದ ಸೆಖೆಯಲ್ಲಿ ಕಪ್ಪು ನಿಲುವಂಗಿ ಹಾಕಿದರೆ ಮೊದಲು ಗೈಡೇ ದೆವ್ವ ಆಗುತ್ತಾನೆ.

ಚಾಂಪಿಯನ್_ರೀಫ್_ಮನೆಮಗ:

ಕೆಜಿಎಫ್ ಬಗ್ಗೆ ಕೇಳಿದ್ದೀರಿ. ನಾನು ಅಲ್ಲೇ ಹುಟ್ಟಿ ಬೆಳೆದವನು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಯೂಟ್ಯೂಬ್‌ನವರು ಬರುತ್ತಾರೆ, ಸೈನೈಡ್ ಗುಡ್ಡದ (ಚಿನ್ನ ತೆಗೆದು ಬಿಸಾಡಿದ ಗಣಿ ಮಣ್ಣಿನ ಗುಡ್ಡ) ಮೇಲೆ ನಿಂತು "ದೆವ್ವಗಳ ಊರು" ಅಂತ ವಿಡಿಯೋ ಮಾಡುತ್ತಾರೆ. ಹಿಂದೆ ಕಾಣುವ ಲೈನ್ ಮನೆಗಳಲ್ಲಿ ಜನ ಅನ್ನ ಬೇಯಿಸುತ್ತಾ ಇರುತ್ತಾರೆ ಸ್ವಾಮಿ. ಸಾವಿರಾರು ಜನ ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಊರು ಮುಚ್ಚಲಿಲ್ಲ.

ಭಯ ಬೇಕು ಅಂದರೆ ನಮ್ಮ ಹತ್ತಿರ ಇದೆ, ಆದರೆ ಬೇರೆ ಥರದ್ದು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಬಂಡೆಯ ಮೇಲೆ ಒತ್ತಡ ಎಷ್ಟಿರುತ್ತದೆ ಅಂದರೆ, ಅದಿರು ತೆಗೆದು ಖಾಲಿ ಮಾಡಿದ ಕಡೆ ಕಲ್ಲು ಇದ್ದಕ್ಕಿದ್ದ ಹಾಗೆ ಸಿಡಿಯುತ್ತದೆ. ಅದನ್ನ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಮೇಲೆ ಮನೆಯಲ್ಲಿ ಪಾತ್ರೆ ಅಲ್ಲಾಡುತ್ತಿತ್ತು. ಆಗ ಅಡುಗೆಮನೆಯಲ್ಲಿದ್ದ ಹೆಂಗಸರು ಮೊದಲು ಕೇಳುತ್ತಿದ್ದುದು ಒಂದೇ, ಈಗ ಯಾವ ಶಿಫ್ಟ್ ಒಳಗಿದೆ? ನಮ್ಮ ಅಜ್ಜಿ ದೆವ್ವಕ್ಕೆ ಹೆದರಿದ್ದನ್ನ ನಾನು ನೋಡಿಲ್ಲ, ಪಾತ್ರೆ ಸದ್ದಿಗೆ ಹೆದರುತ್ತಿದ್ದರು. ಗಣಿ ಮುಚ್ಚಿ ಒಳಗೆ ನೀರು ತುಂಬಿಕೊಂಡ ಮೇಲೂ ನೆಲ ನಡುಗಿದ್ದುಂಟು. ಹೊಸಬರಿಗೆ ಅದು ದೆವ್ವದ ಕಾಟ ಅನ್ನಿಸಬಹುದು. ಕೆಳಗೆ ಕಲ್ಲು ಇನ್ನೂ ಜಾಗ ಸರಿಮಾಡಿಕೊಳ್ಳುತ್ತಿರುತ್ತದೆ ಅಷ್ಟೆ.

ರಾತ್ರಿ ಹಳೇ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಕಡೆ ಯಾರನ್ನೂ ಕರೆದುಕೊಂಡು ಹೋಗಬೇಡಿ. 2020ರಲ್ಲಿ ಕದಿಯುವುದಕ್ಕೆ ಅಂತ ಒಳಗೆ ಇಳಿದವರೇ ಉಸಿರುಕಟ್ಟಿ ಸತ್ತರು. ಸೈನೈಡ್ ಗುಡ್ಡದ ಧೂಳೂ ಒಳ್ಳೆಯದಲ್ಲ, ಗಾಳಿ ಎದ್ದಾಗ ನಾವೇ ಕಿಟಕಿ ಹಾಕಿಕೊಳ್ಳುತ್ತೇವೆ. ಹಗಲು ಹೊತ್ತು ಬನ್ನಿ. ಗಣಿಯಲ್ಲಿ ದುಡಿದ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಕಾಸು ಕೊಟ್ಟು ಅವರ ಬಾಯಲ್ಲೇ ಹೇಳಿಸಿ. ತಮಿಳಲ್ಲಿ ಹೇಳುತ್ತಾರೆ, ಪಕ್ಕದಲ್ಲಿ ಒಬ್ಬರು ಕನ್ನಡದಲ್ಲಿ ಹೇಳಿದರಾಯಿತು.

ಜಗಲಿ_ಅಕ್ಕ:

ನಾನು ಕೋಟೆಯಲ್ಲೇ ಇರುವವಳು, ನಿಮ್ಮ "ದೆವ್ವದ ಬೀದಿ"ಯಲ್ಲೇ ನಮ್ಮ ಮನೆ. ತಮ್ಮಾ, ಒಂದು ಸಲ ರಾತ್ರಿ ಹತ್ತಕ್ಕೆ ಈ ಬೀದಿಯಲ್ಲಿ ನಡೆದು ನೋಡಿದ್ದೀಯಾ? ಟೊಮೆಟೊ ಮಂಡಿಗೆ ಹೋಗುವವರು ಬೇಗ ಮಲಗಿ ಬೆಳಗಿನ ಜಾವಕ್ಕೇ ಏಳುತ್ತಾರೆ. ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಬಾಣಂತಿಯರಿರುತ್ತಾರೆ. ನಿಮ್ಮ ಗುಂಪಲ್ಲಿ ಒಬ್ಬರು ಕಿರುಚಿದರೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಶುರು ಮಾಡುತ್ತವೆ, ಅವುಗಳ ಮುಂದೆ ಯಾವ ದಯ್ಯವೂ ನಿಲ್ಲುವುದಿಲ್ಲ. ಹಾಗಾಗಿ ಏಳಕ್ಕೆ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ.

ಇನ್ನು ಕೋಲಾರಮ್ಮ. ದಯವಿಟ್ಟು ಆ ಗುಡಿಯನ್ನ ದೆವ್ವದ ಜಾಗ ಅಂತ ಪೋಸ್ಟರಿನಲ್ಲಿ ಹಾಕಬೇಡ. ಅವಳು ಊರ ತಾಯಿ. ಜನ ಸುಮ್ಮನಿರುವುದಿಲ್ಲ, ನಾನೂ ಸುಮ್ಮನಿರುವುದಿಲ್ಲ. ಆ ಗುಡಿಯೂ ಸೋಮೇಶ್ವರನ ಗುಡಿಯೂ ಕೇಂದ್ರ ಪುರಾತತ್ವ ಇಲಾಖೆಗೆ ಸೇರಿದವು, ಕತ್ತಲಾದ ಮೇಲೆ ಟೂರ್ ಕರೆದುಕೊಂಡು ಒಳಗೆ ಹೋಗುವುದು ಆಗದ ಮಾತು. ಹೊರಗೆ ನಿಂತು ಹೇಳು. ಹೇಳುವುದಕ್ಕೆ ಬೇಕಾದಷ್ಟಿದೆ. ಅಲ್ಲೇ ಚೇಳಮ್ಮ ಇದ್ದಾಳೆ, ಹೆಸರೇ ಹೇಳುವ ಹಾಗೆ ಚೇಳಿನ ದೇವಿ. ಅವಳಿಗೆ ಕೈಮುಗಿದರೆ ಚೇಳು ಕಚ್ಚುವುದಿಲ್ಲ ಅಂತ ನಂಬಿಕೆ. ಕಾಣಿಕೆ ಹಾಕುವ ಹುಂಡಿ ನೆಲದಲ್ಲೇ ಇದೆ. ಅದರೊಳಗೆ ಚೇಳುಗಳಿವೆ, ಕೈ ಹಾಕಿದರೆ ಅಷ್ಟೇ, ಅಂತ ನಮ್ಮನ್ನ ಚಿಕ್ಕವರಿದ್ದಾಗ ಹೆದರಿಸುತ್ತಿದ್ದರು. ಹಣ ಕಾಯುವುದಕ್ಕೆ ಇಷ್ಟು ಚೆನ್ನಾದ ಉಪಾಯ ಯಾವ ಬ್ಯಾಂಕಿನವರಿಗೂ ಹೊಳೆದಿಲ್ಲ ಬಿಡು.

ಕಥೆಗಳೇ ಇಲ್ಲ ಅಂತೀಯ. ಯಾರನ್ನ ಕೇಳಿದೆ? ನಿನ್ನ ವಯಸ್ಸಿನವರನ್ನ ಕೇಳಿದರೆ ಬಿಳಿ ಸೀರೆನೇ ಸಿಗುವುದು, ಅವರಿಗೆ ಸಿನಿಮಾದ್ದು ಬಿಟ್ಟು ಬೇರೆ ಗೊತ್ತಿಲ್ಲ. ಸಂಜೆ ಜಗಲಿಯಲ್ಲಿ ಕೂರುವ ಮುದುಕಿಯರ ಹತ್ತಿರ ಎಲೆ ಅಡಿಕೆ ತಗೊಂಡು ಹೋಗಿ ಕೂತ್ಕೋ. ಯಾವ ಬಾವಿಗೆ ಯಾರು ಬಿದ್ದರು, ಯಾಕೆ ಬಿದ್ದರು, ಅತ್ತೆ ಏನು ಮಾಡಿದ್ದಳು, ಎಲ್ಲ ಬರುತ್ತದೆ. ಕೇಳಿದ ಮೇಲೆ ಅದರಲ್ಲಿ ಅರ್ಧ ಹೊರಗೆ ಹೇಳುವ ಹಾಗಿರುವುದಿಲ್ಲ, ಯಾಕಂದರೆ ಆ ಮನೆಯವರು ಇನ್ನೂ ಅದೇ ಮನೆಯಲ್ಲಿದ್ದಾರೆ. ಬಾವಿಗೆ ಬಿದ್ದ ಸೊಸೆಯನ್ನ ಮೋಹಿನಿ ಮಾಡಿ ಟಿಕೆಟ್ ಹರಿಯುವುದು ನನಗಂತೂ ಸರಿ ಕಾಣಲ್ಲ.

ರಾತ್ರಿ_ಟಾರ್ಚು:

ಚೇಳಿನ ಮಾತು ಬಂತಲ್ಲ, ಒಂದು ಸಣ್ಣ ಸಲಹೆ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಒಂದು ಇಟ್ಟುಕೊಳ್ಳಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಆ ಬೆಳಕು ಬಿದ್ದರೆ ಚೇಳಿನ ಮೈ ಹಸಿರುನೀಲಿಯಾಗಿ ಹೊಳೆಯುತ್ತದೆ. ಚಿಪ್ಪಿನಲ್ಲಿರುವ ಕೆಲವು ರಾಸಾಯನಿಕಗಳಿಂದ ಹಾಗಾಗುವುದು, ಮಾಟವೂ ಅಲ್ಲ ಮಂತ್ರವೂ ಅಲ್ಲ. ಚೇಳಮ್ಮನ ಕಥೆ ಹೇಳಿ, ಆಮೇಲೆ ಬೆಟ್ಟದ ಬುಡದ ಕಲ್ಲುಗಳ ಮಧ್ಯೆ ಟಾರ್ಚ್ ಬಿಡಿ. ಒಂದು ಚೇಳು ಸಿಕ್ಕಿದರೂ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಶೂ ಹಾಕಿದವರಿಗೆ ಮಾತ್ರ ಪ್ರವೇಶ, ಕಲ್ಲು ಎತ್ತುವಂತಿಲ್ಲ. ಅರಣ್ಯ ಇಲಾಖೆಯವರನ್ನ ಕೇಳದೆ ಕತ್ತಲಲ್ಲಿ ಅಂತರಗಂಗೆ ಹತ್ತಬೇಡಿ, ಗುಹೆಗಳ ಕಡೆಯಂತೂ ಹೋಗಲೇಬೇಡಿ.

ಎಚ್ಚೆನ್_ಊರಿನವನು:

ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನ ಕಡೆಯವನು. ನಮ್ಮ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡಲು ಸಮಿತಿಯನ್ನೇ ಮಾಡಿದವರು. ಅವರ ನೆಲದಲ್ಲಿ ದೆವ್ವಕ್ಕೆ ಟಿಕೆಟ್ಟಾ ಅಂತ ಮೊದಲು ಸಿಟ್ಟು ಬಂತು, ಮೇಷ್ಟ್ರು ಬರೆದಿದ್ದನ್ನ ಓದಿದ ಮೇಲೆ ಸ್ವಲ್ಪ ಇಳಿಯಿತು.

ಕಾನೂನಿನ ಕಡೆಯಿಂದ ಒಂದು ಮಾತು. ಮೌಢ್ಯ ನಿಷೇಧ ಕಾಯ್ದೆ ಅಂತ ಪೇಪರಿನವರು ಕರೆಯುವುದು ಇದೆಯಲ್ಲ, 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ದೆವ್ವ ಕರೆಸುತ್ತೇನೆ ಅಂತ ಜನರಲ್ಲಿ ಭಯ ಹುಟ್ಟಿಸುವುದು, ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಅದರ ಕೆಳಗೆ ಬರುತ್ತದೆ. ಕಥೆ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮೈಮೇಲೆ ಬಂದ ಹಾಗೆ ನಟಿಸುವುದು, ಮಂಡಲ ಬರೆದು ಲಿಂಬೆಹಣ್ಣು ಇಡುವುದು, ಕೊನೆಯಲ್ಲಿ ತಾಯತ ಮಾರುವುದು, ಇವೆಲ್ಲ ಬೇಡ.

ಹಾಗೇ, ಮುಂದೆ ಯಾರಾದರೂ ನಮ್ಮ ತಾಲ್ಲೂಕಿನ ವಿದುರಾಶ್ವತ್ಥವನ್ನ ಈ ಪಟ್ಟಿಗೆ ಸೇರಿಸೋಣ ಅಂದರೆ ಅಲ್ಲೇ ತಡೆಯಿರಿ. 1938ರ ಏಪ್ರಿಲ್ 25ರಂದು ಅಲ್ಲಿ ಪೊಲೀಸರ ಗುಂಡು ತಿಂದವರು ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಲು ಬಂದವರು. ಅವರನ್ನ ದೆವ್ವ ಮಾಡಬೇಡಿ.

ಕೋಟೆಬೀದಿ_ಹುಡುಗ:

ಇಷ್ಟೊಂದು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಪೆಟ್ಟಿಗೆ ಕಥೆಯನ್ನ ಗೆಳೆಯನಿಗೆ ಓದಿ ಹೇಳಿದೆ, ಸಿಪಾಯಿಯನ್ನ ಅವನೇ ಕೈಬಿಟ್ಟ. ಸದ್ಯಕ್ಕೆ ಯೋಚನೆ ಹೀಗಿದೆ: ಸಂಜೆ ಬೆಳಕಿರುವಾಗಲೇ ಎರಡೂ ದೇವಸ್ಥಾನ ಒಳಗಿಂದ ನೋಡುವುದು, ಕತ್ತಲಾಗುತ್ತಿದ್ದ ಹಾಗೆ ಹೊರಗೆ ನಿಂತು ಚೇಳಮ್ಮನ ಕಥೆ, ಕೊನೆಗೆ ಮಕ್ಬರಾ. ಅಂತರಗಂಗೆ ಇಲಾಖೆಯವರು ಹ್ಞೂಂ ಅಂದರೆ ಮಾತ್ರ. ಕೆಜಿಎಫ್ ಬೇರೆಯದೇ ಆಗಲಿ, ಹಗಲಲ್ಲಿ, ಅಲ್ಲಿನವರೇ ನಡೆಸುವ ಹಾಗೆ. ಚಾಂಪಿಯನ್ ರೀಫ್ ಅಣ್ಣ, ಮೆಸೇಜ್ ಮಾಡಿದ್ದೇನೆ, ನೋಡಿ.

ಜಗಲಿ ಅಕ್ಕ, ಬೀದಿಯಲ್ಲಿ ಯಾರನ್ನ ಮೊದಲು ಕೇಳಬೇಕು? ಪೊಲೀಸ್ ಸ್ಟೇಷನ್ನಿಗೆ, ನಗರಸಭೆಗೆ ಅರ್ಜಿ ಕೊಡುತ್ತೇವೆ, ಆದರೆ ಮನೆಯವರು ಒಪ್ಪದೆ ಮಾಡುವುದು ಬೇಡ ಅನ್ನಿಸುತ್ತಿದೆ. ಹೆಸರು ಏನಿಡುವುದು ಅಂತಲೂ ಗೊತ್ತಾಗುತ್ತಿಲ್ಲ. "ದೆವ್ವದ ನಡಿಗೆ" ಅಂತ ಇಟ್ಟರೆ ಬಂದವರು ದೆವ್ವ ಎಲ್ಲಿ ಅಂತ ಕಾಸು ವಾಪಸ್ ಕೇಳಬಹುದು.

ಜಗಲಿ_ಅಕ್ಕ:

ಹೆಸರು ಆಮೇಲೆ ನೋಡೋಣ. ಭಾನುವಾರ ಸಂಜೆ ಬಾ, ಮೂಲೆಮನೆ ಅಜ್ಜಿ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರು ಒಪ್ಪಿದರೆ ಬೀದಿ ಒಪ್ಪಿದ ಹಾಗೆ. ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಮಾತಾಡು. ನಾಯಿಗಳಿಗೆ ಬಿಸ್ಕತ್ತು ತಗೊಂಡು ಬಾ, ಈಗಿನಿಂದಲೇ ಪರಿಚಯ ಆಗಲಿ.